ರಕ್ಕಸಿಗೆ ಹಲ್ಲು ಬಂದ ಸುದ್ದಿ

ಮಕ್ಕಳೇ, ನಮ್ಮ ರಕ್ಕಸಿ ಸಿನಿಮಾ ಆಗುತ್ತಾಳೆಂಬ ಸುದ್ದಿಯನ್ನು ನಮ್ಮ ವಾಮದಪದವು ಊರಿಗೆ ತಂದವಳು ನಿಮ್ಮೆಲ್ಲರಲ್ಲಿ ದೊಡ್ಡವಳು, ಉಜಿರೆಯ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುವವಳು. ರಜೆಗೆ ಬಂದವಳು ಚೀಲವನ್ನೂ ಇಳಿಸದೆ ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಓದಿ ಹೇಳಿದಳು. ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ನಿಮ್ಮ ಅಜ್ಜ ನನ್ನನ್ನು ಒಪ್ಪಿದ್ದಾರೆಂಬ ಸುದ್ದಿ ಬಂದ ದಿನವೂ ನನ್ನ ಕೈಯಿಂದ ಏನೂ ಬಿದ್ದಿರಲಿಲ್ಲ.

ನಿಮ್ಮಲ್ಲಿ ಇಬ್ಬರು ರಕ್ಕಸಿಯ ಪುಸ್ತಕವನ್ನು ಓದಿದ್ದೇವೆಂದು ಸುಳ್ಳು ಹೇಳಿದ್ದೀರಿ, ನನಗೆ ಗೊತ್ತು. ಆದ್ದರಿಂದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಒಬ್ಬಳು ರಕ್ಕಸಿ. ವಯಸ್ಸಾಗಿ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಕಾಡಿನಲ್ಲಿ ಮರ್ಯಾದೆ ಹೋಯಿತೆಂದು ಊರಿಗೆ ಬಂದು, ಮೊದಲು ಕಣ್ಣಿಗೆ ಬಿದ್ದ ಪಟೇಲರ ಭುಜಕ್ಕೆ ಬಾಯಿ ಹಾಕುತ್ತಾಳೆ. ಪಟೇಲರಿಗೆ ಆ ಭುಜ ವರ್ಷಗಳಿಂದ ನೋಯುತ್ತಿತ್ತು. ಒಸಡಿನ ಒತ್ತು ಬಿದ್ದದ್ದೇ ನೋವು ಮಾಯ. ಅವರು ಅಂಗಿ ಬಿಚ್ಚಿ, "ಈ ಬದಿಯೂ ಸ್ವಲ್ಪ" ಎನ್ನುತ್ತಾರೆ. ಮರುದಿನ ಬೆಳಗ್ಗೆ ಅವಳ ಗುಹೆಯೆದುರು ಸೊಂಟನೋವಿನವರ, ಮೊಣಗಂಟಿನವರ ಸಾಲು. ತಿನ್ನಲು ಬಂದ ಪಾಪದ ಹೆಂಗಸು ಊರಿಗೆ ವೈದ್ಯೆಯಾಗುತ್ತಾಳೆ. ಜೊತೆಗೊಂದು ಕೋಣ. ಅದಕ್ಕೆ ಕಾನೂನು ಗೊತ್ತು. ಅವಳ ಪರವಾಗಿ ದೇವಲೋಕದಲ್ಲಿ ವಾದಿಸಿ ಪ್ರತಿ ಸಲವೂ ಸೋಲುತ್ತದೆ. ಆದರೆ ದೇವತೆಗಳಿಗೂ ಕುಳಿತು ಕುಳಿತು ಬೆನ್ನುನೋವು, ಹಾಗಾಗಿ ಶಿಕ್ಷೆ ಜಾರಿಯಾಗುವುದಿಲ್ಲ.

ಈ ಪುಸ್ತಕವನ್ನು ಮನೆಗೆ ತಂದವರು ನಿಮ್ಮ ಅಜ್ಜ. ಬಂಟ್ವಾಳದಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಮುಖಪುಟದ ರಕ್ಕಸಿಯನ್ನು ಕಂಡು ಪುರಾಣವೆಂದು ತಂದರು. ಕೊನೆಯವರೆಗೂ ಪುರಾಣವೆಂದೇ ನಂಬಿದ್ದರು. ನಾನು ಓದುವಾಗ ಕೈಕಾಲು ತೊಳೆದು ಬಂದು ಕೂರುತ್ತಿದ್ದರು. ನಾವು ಯಾರೂ ತಿದ್ದಲಿಲ್ಲ. ಗಂಡಸರು ಕೈಕಾಲು ತೊಳೆಯಲು ಒಂದು ಕಾರಣ ಸಿಕ್ಕಿದರೆ ಯಾಕೆ ಹಾಳು ಮಾಡಬೇಕು?

ಆಗ ಮಧ್ಯಾಹ್ನದ ಊಟವಾದ ಮೇಲೆ ನೆರೆಕರೆಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಸೇರಿ ಬೀಡಿ ಕಟ್ಟುತ್ತಿದ್ದರು. ಒಬ್ಬಳು ಓದಬೇಕು, ಉಳಿದವರು ಕಟ್ಟಬೇಕು. ಓದುವವಳ ಮೊರಕ್ಕೆ ಎಲ್ಲರೂ ತಮ್ಮ ಬೀಡಿಯಿಂದ ಒಂದೊಂದು ಹಿಡಿ ಹಾಕಬೇಕು. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನೊಬ್ಬಳೇ ಆದ್ದರಿಂದ ಓದುವ ಕೆಲಸ ನನಗೆ ಬಂತು. ಪುಸ್ತಕದ್ದು ಕನ್ನಡ, ಜಗಲಿಯದ್ದು ತುಳು. ಕಣ್ಣು ಕನ್ನಡದಲ್ಲಿ ಓದುತ್ತಿದ್ದಂತೆ ಬಾಯಿ ತುಳುವಿನಲ್ಲಿ ಹೇಳುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದು, ಆ ಪುಸ್ತಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು ಹೇಗೆಂದು ನನ್ನ ನಾಲಗೆಗೆ ಮರೆತೇಹೋಯಿತು. ಇಲ್ಲಿ ನಮ್ಮ ಮಾತುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ತುಳು ಬರೆದರೆ ನಿಮಗೆ ಓದಲು ಕಷ್ಟ, ನನಗೆ ಬರೆಯಲು ಕಷ್ಟ.

ಆ ಜಗಲಿಗೆ ಬರುತ್ತಿದ್ದವರಲ್ಲಿ ನಮ್ಮ ಪಕ್ಕದ ಮನೆಯ ಬ್ಯಾರಿ ಹೆಂಗಸನ್ನು ನೀವೆಲ್ಲ ಬಲ್ಲಿರಿ. ಪಾಣೆಮಂಗಳೂರಿನಲ್ಲಿ ಹುಟ್ಟಿ ನಮ್ಮ ಊರಿಗೆ ಮದುವೆಯಾಗಿ ಬಂದವಳು, ನಿಮ್ಮ ಜೇಬಿಗೆ ಖರ್ಜೂರ ತುಂಬುವವಳು. ಅವಳಿಗೆ ಒಸಡಿನ ಕಾಯಿಲೆ ಹಿಡಿದು ಇನ್ನೂ ಗಟ್ಟಿಮುಟ್ಟಾಗಿದ್ದಾಗಲೇ ಹಲ್ಲುಗಳೆಲ್ಲ ಉದುರಿದವು. ಆಮೇಲೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ನಾನು ಮೊದಲ ಸಲ ಪಟೇಲರ ಭುಜದ ಪ್ರಸಂಗ ಓದಿದ ದಿನ ಅವಳು ನಗಲು ಶುರುಮಾಡಿದವಳು ನಿಲ್ಲಿಸಲಾಗದೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದಳು. ಎರಡೂ ಕೈ ಹೊಟ್ಟೆಯ ಮೇಲಿದ್ದರೆ ಬಾಯಿ ಮುಚ್ಚುವವರು ಯಾರು? ಆ ದಿನ ಇಳಿದ ವಸ್ತ್ರ ಮತ್ತೆ ಬಾಯಿಗೆ ಏರಲಿಲ್ಲ. ಗಲ್ಫಿನಲ್ಲಿರುವ ಮಗ ರಜೆಗೆ ಬಂದಾಗಲೆಲ್ಲ, "ಉಮ್ಮ, ಹಲ್ಲು ಕಟ್ಟಿಸುವ" ಎನ್ನುತ್ತಿದ್ದ. ಅವಳು, "ಹಲ್ಲು ಕಟ್ಟಿಸಿದ್ರೆ ನನ್ನ ರಕ್ಕಸಿ ಕೆಲಸ ಹೋಗ್ತದೆ" ಎಂದು ಅವನನ್ನು ಓಡಿಸುತ್ತಿದ್ದಳು.

ಹೀಗಿರುವಾಗ ಸಿನಿಮಾದ ಸುದ್ದಿ ಬಂತು. ಈಗ ಬೀಡಿ ಕಟ್ಟುವವರು ಕಡಿಮೆ, ಆದರೆ ಜಗಲಿ ಮತ್ತೆ ತುಂಬಿತು. ಕೋಣ ಯಾವ ಭಾಷೆ ಮಾತಾಡಬೇಕೆಂಬುದಕ್ಕೆ ದೊಡ್ಡ ಜಗಳವಾಯಿತು. "ವಕೀಲ ಅಲ್ವಾ, ಕನ್ನಡವೇ ಮಾತಾಡ್ಬೇಕು" ಎಂದು ಒಬ್ಬಳು. "ಸೋಲುವ ವಕೀಲ ಅಲ್ವಾ, ತುಳು ಸಾಕು" ಎಂದು ಇನ್ನೊಬ್ಬಳು. ಪಕ್ಕದ ಮನೆಯವಳಂತೂ ಪಾಣೆಮಂಗಳೂರಿನ ತವರಿಗೆ ಹೋಗಿ, ಮೀನಿನವಳಿಂದ ಬಟ್ಟೆಯಂಗಡಿಯವರವರೆಗೆ ಸಾರಿ ಬಂದಳು, "ನನ್ನ ಹಾಗಿರುವವಳು ಟಾಕೀಸಿನಲ್ಲಿ ಬರ್ತಾಳೆ. ನೋಡಿ ಬೇಕಾದ್ರೆ!"

ನಂತರ ಟೀಸರು ಬಂತು. ನಾವೆಲ್ಲ ಮೊಮ್ಮಗಳ ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ಕುಳಿತೆವು. ಗುಡುಗು, ಹೊಗೆ, ಡೋಲು. ರಕ್ಕಸಿ ತಿರುಗಿದಳು. ಮೊಮ್ಮಗಳ ವಯಸ್ಸಿನ ಚಂದದ ಹುಡುಗಿ. ಬಾಯಿ ತೆರೆದಳು. ಎರಡು ಸಾಲು ಹಲ್ಲು, ಆಗಷ್ಟೇ ಸುಲಿದ ಬೆಳ್ಳುಳ್ಳಿಯ ಹಾಗೆ!

"ಇವಳು ಕಚ್ಚಿದ್ರೆ ಪಟೇಲರು ಅಲ್ಲೇ ಸಾಯ್ತಾರೆ" ಎಂದಳು ಒಬ್ಬಳು. "ಮೊದಲ ಪುಟದಲ್ಲೇ ಮಂಗಳ. ಆಮೇಲೆ ಸಿನಿಮಾದಲ್ಲಿ ಎಂತ ತೋರಿಸ್ತಾರೆ, ಪಟೇಲರ ಉತ್ತರಕ್ರಿಯೆಯ ಬೊಜ್ಜವಾ?"

ಎಲ್ಲರೂ ನಕ್ಕರು. ಪಕ್ಕದ ಮನೆಯವಳು ನಗಲಿಲ್ಲ. ವಸ್ತ್ರದ ತುದಿಯನ್ನು ಮೆಲ್ಲಗೆ ಎಳೆದು ಬಾಯಿಯ ಮೇಲೆ ಹಿಡಿದಳು. ಮರುದಿನವೂ ಹಾಗೇ ಬಂದಳು. ಅದರ ಮರುದಿನವೂ. ಮೊಮ್ಮಗಳ ಹತ್ತಿರ ಮೆಲ್ಲಗೆ, "ಮೂಡಬಿದಿರೆಯಲ್ಲಿ ಹಲ್ಲಿನ ಡಾಕ್ಟ್ರು ಎಲ್ಲಿ ಕೂರುವುದು ಮಗಾ?" ಎಂದು ಕೇಳಿದಳಂತೆ. ನನಗೆ ಅನ್ನ ಇಳಿಯಲಿಲ್ಲ. ಹಲ್ಲು ಕಟ್ಟಿಸಿಕೊಂಡರೆ ತಪ್ಪೇನಿಲ್ಲ, ನಾನೂ ಕಟ್ಟಿಸಿಕೊಂಡಿದ್ದೇನೆ. ಆದರೆ ಅವಳು ಹೊರಟಿದ್ದು ನಾಚಿಕೆಯಿಂದ.

ಶೂಟಿಂಗು ನಡೆಯುತ್ತಿದ್ದದ್ದು ಮೂಡಬಿದಿರೆಯ ಹತ್ತಿರದ ಒಂದು ದೊಡ್ಡ ಮನೆಯಲ್ಲಿ. ಅಲ್ಲಿ ಮೇಕಪ್ಪು ಮಾಡುವ ಬೆಳ್ತಂಗಡಿಯ ಹುಡುಗಿ ಮೊಮ್ಮಗಳಿಗೆ ಪರಿಚಯ. "ರಕ್ಕಸಿಗೆ ಹಲ್ಲು ಬೇಡ ಅಂತ ಹೋಗಿ ಹೇಳುವ ಅಜ್ಜಿ" ಎಂದಳು ಮೊಮ್ಮಗಳು. ಹೇಳುವವರು ಯಾರು ಎಂದಾಗ ಜಗಲಿಯಲ್ಲಿದ್ದ ಎಲ್ಲ ಬೆರಳುಗಳೂ ನನ್ನತ್ತ ತಿರುಗಿದವು. ನಾನೋ, ಇಳಿಯುವ ಜಾಗ ಬಂದರೂ ಕಂಡಕ್ಟರನಿಗೆ ಹೇಳಲಾಗದೆ, ಬೇರೆ ಯಾರಾದರೂ ಇಳಿಯುವಲ್ಲಿ ಅವರ ಹಿಂದೆ ಇಳಿದು, ಬಿಸಿಲಲ್ಲಿ ನಡೆದು ಬರುವವಳು. ಆದರೂ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೊರಟೆ. ಪಕ್ಕದ ಮನೆಯವಳನ್ನೂ ಎಬ್ಬಿಸಿದೆವು. "ಡಾಕ್ಟ್ರು ಅದೇ ದಾರಿಯಲ್ಲಲ್ವಾ" ಎಂದು ಬಾಯಿ ಮುಚ್ಚಿಕೊಂಡೇ ಬಸ್ಸು ಹತ್ತಿದಳು.

ಚಾದ ಹೊತ್ತಿಗೆ ಮೇಕಪ್ಪಿನ ಹುಡುಗಿ ನಮ್ಮನ್ನು ಒಳಗೆ ಬಿಟ್ಟಳು. ನಿರ್ದೇಶಕ ಬೆಂಗಳೂರಿನವನು, ಕುರ್ಚಿಯಲ್ಲಿದ್ದ. ಪಕ್ಕದಲ್ಲಿ ಆ ಚಂದದ ರಕ್ಕಸಿ, ಕೂದಲಿಗೆ ಕ್ಲಿಪ್ಪು ಹಾಕಿಕೊಂಡು.

"ಹೇಳಿ ಅಜ್ಜಿ, ಏನ್ ವಿಷ್ಯ?" ಎಂದ.

ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಒಂದು ಅಕ್ಷರವೂ ಬರಲಿಲ್ಲ. ಬೇರೆ ದಾರಿ ಕಾಣದೆ ಪುಸ್ತಕ ಬಿಡಿಸಿ ಪಟೇಲರ ಭುಜದ ಪುಟವನ್ನು ಓದತೊಡಗಿದೆ. ಕೇಳಿದ ಕೂಡಲೇ ಅವನಿಗೇ ಅರ್ಥವಾದೀತು ಎಂದು ನನ್ನ ಲೆಕ್ಕ. ಓದಿದ್ದು ತುಳುವಿನಲ್ಲಿ! ನಾಲಗೆಗೆ ಬೇರೆ ದಾರಿಯೇ ಗೊತ್ತಿರಲಿಲ್ಲವಲ್ಲ. ಅಡಿಗೆಯವರು ಸೌಟು ಹಿಡಿದು ಬಂದು ನಿಂತರು. ಲೈಟು ಹಿಡಿಯುವವರು ನಕ್ಕು ನಕ್ಕು ಲೈಟನ್ನು ಇಳಿಸಿದರು. ಮೇಕಪ್ಪಿನ ಹುಡುಗಿ ಕಣ್ಣು ಒರೆಸಿಕೊಂಡಳು. ನಿರ್ದೇಶಕ ಮಾತ್ರ ಮದುವೆ ಮನೆಗೆ ತಪ್ಪಿ ಬಂದವನ ಹಾಗೆ ಎಲ್ಲರ ಮುಖವನ್ನೂ ನೋಡುತ್ತಿದ್ದ.

"ಏನಂತೆ? ಯಾಕೆ ನಗ್ತಿದೀರ?" ಎಂದು ಕೇಳಿದ.

"ಸರ್, ನೀವು ತೆಗೆಯುತ್ತಿರುವ ಕಥೆಯೇ" ಎಂದಳು ಮೇಕಪ್ಪಿನ ಹುಡುಗಿ. "ಆದ್ರೆ ಇದರಲ್ಲಿ ನಗು ಬರ್ತದೆ."

ಆಮೇಲೆ ಅವಳೇ ನಮ್ಮ ತಕರಾರನ್ನು ಬಿಡಿಸಿ ಹೇಳಿದಳು. ಅವನು ತಲೆ ಅಲ್ಲಾಡಿಸಿದ. "ಅಜ್ಜಿ, ಹೀರೋಯಿನ್‌ಗೆ ಹಲ್ಲು ಬೇಕೇ ಬೇಕು. ಕಚ್ಚಿದ್ರೂ ನೋವಾಗಲ್ಲ ಅಂತ ತೋರಿಸ್ತೀವಿ. ಅವಳದ್ದು ಮ್ಯಾಜಿಕ್ ಹಲ್ಲು."

ಇಷ್ಟು ಹೊತ್ತು ಹಿಂದೆ ನಿಂತಿದ್ದ ಪಕ್ಕದ ಮನೆಯವಳಿಗೆ ಅಲ್ಲಿ ತಡೆಯಲಾಗಲಿಲ್ಲ. "ಮ್ಯಾಜಿಕ್ ಹಲ್ಲಂತೆ! ಹಲ್ಲಿದ್ದವರು ಕಚ್ಚುವುದರಲ್ಲಿ ಎಂತ ಮ್ಯಾಜಿಕ್ ಉಂಟು ಮಾರಾಯ? ನಾಯಿಯೂ ಕಚ್ತದೆ. ಇಲ್ಲಿ ನೋಡು!" ಎಂದು ಚಾದ ಜೊತೆ ಇಟ್ಟಿದ್ದ ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿದಳು. ವಸ್ತ್ರ ಎಲ್ಲಿ ಹೋಯಿತೋ ಅವಳಿಗೇ ಗೊತ್ತಿಲ್ಲ. ಚಕ್ಕುಲಿಯನ್ನು ಕೆನ್ನೆಗೆ ತಳ್ಳಿ, ಒಂದು ಗುಟುಕು ಚಾ ಕುಡಿದು, ಒಸಡಿನ ನಡುವೆ ಇಟ್ಟು ಒತ್ತಿದಳು. ಮೊದಲು ಕಟಕ್ ಎಂದಿತು. ಮತ್ತೆ ಪಚಪಚ. ಎಮ್ಮೆ ಕೆಸರಿನಿಂದ ಕಾಲು ಕೀಳುವ ಶಬ್ದ. ಕೊನೆಗೆ ಒಂದು ದೊಡ್ಡ ತೃಪ್ತಿಯ ನಿಟ್ಟುಸಿರು.

ಹಲ್ಲಿನ ರಕ್ಕಸಿ ಕುರ್ಚಿಯಿಂದ ಎದ್ದು ಬಂದಳು. "ಅಜ್ಜಿ, ಇನ್ನೊಂದ್ಸಲ ಮಾಡಿ. ನಂಗೂ ಕಲಿಸಿ" ಎಂದು ತುಟಿಗಳನ್ನು ಒಳಗೆ ಮಡಚಿದಳು.

"ಹಾಗಲ್ಲ, ಗಲ್ಲ ಮುಂದೆ ತಾ. ಇನ್ನೂ ಮುಂದೆ. ಮೂಗಿಗೆ ತಾಗ್ಬೇಕು. ಛೆ, ಹಲ್ಲು ಅಡ್ಡ ಬರ್ತದೆ ನಿನಗೆ, ಪಾಪ!"

ಸೌಂಡಿನವನೊಬ್ಬ ಕಂಬಳಿಹುಳದ ಹಾಗೆ ರೋಮ ತುಂಬಿದ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, "ಅಮ್ಮಾ, ಇದು ಸಿನಿಮಾಕ್ಕೆ ತಗೊಳ್ಳಬಹುದಾ?" ಎಂದು ಕೇಳಿದ. "ತಕ್ಕೊ, ತಕ್ಕೊ" ಎಂದು ಅವಳು ತಟ್ಟೆ ಖಾಲಿ ಮಾಡಿದಳು. ನಿರ್ದೇಶಕ ಮಾತ್ರ ಹಲ್ಲಿನ ವಿಷಯದಲ್ಲಿ ಮಾತು ಕೊಡಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಮತ್ತೆ ವಸ್ತ್ರ ಎಳೆದುಕೊಂಡಳು. "ಡಾಕ್ಟ್ರು ಇನ್ನೊಂದು ದಿನ" ಎಂದಷ್ಟೇ ಹೇಳಿದಳು.

ಕೆಲವು ವಾರ ಕಳೆದು ಎರಡನೆಯ ಟೀಸರು ಬಂತು. ನಾನು ಅವಳನ್ನು ಕರೆಯುವುದೇ ಬೇಡವೆಂದಿದ್ದೆ, ಆದರೆ ಅವಳೇ ಬಂದು ಕುಳಿತಳು. ರಕ್ಕಸಿಗೆ ಬೆಳ್ಳುಳ್ಳಿ ಹಲ್ಲು ಹಾಗೇ ಇತ್ತು. ಪಟೇಲರು ಬಂದರು, ಅವಳು ಭುಜಕ್ಕೆ ಬಾಗಿದಳು, ತೆರೆ ಕಪ್ಪಾಯಿತು. ಆ ಕಪ್ಪಿನೊಳಗಿಂದ ಬಂತು: ಕಟಕ್. ಪಚಪಚ. ಎಮ್ಮೆಯ ಕಾಲು. ಕೊನೆಗೆ ನಿಟ್ಟುಸಿರು.

"ಯಾ ಅಲ್ಲಾ, ಇದು ನಾನು!" ಎಂದು ಅವಳು ಕಿರುಚಿದಳು. "ಅಕ್ಕ, ಮುಖ ಅವಳದ್ದು, ಬಾಯಿ ನನ್ನದು!"

ಅಲ್ಲಿಂದಲೇ ಮಗನಿಗೆ ಫೋನು ಮಾಡಿ, ಹಲ್ಲಿನ ಮಾತು ಇನ್ನು ಎತ್ತಬಾರದು, ತಾಯಿಯ ಬಾಯಿಗೆ ಸಿನಿಮಾದಲ್ಲಿ ಕೆಲಸ ಸಿಕ್ಕಿದೆ ಎಂದಳು. ಅವನು ಏನು ಹೇಳಿದನೋ ನಮಗೆ ಕೇಳಲಿಲ್ಲ, ಅವಳು ಹೇಳಲು ಬಿಟ್ಟಿದ್ದರಲ್ಲವೇ?

ಸಿನಿಮಾ ಇನ್ನೂ ಬಂದಿಲ್ಲ. ಬಂದರೆ ನಾವೆಲ್ಲ ಒಂದೇ ಸಾಲಿನಲ್ಲಿ ಕೂರುವುದೆಂದು ನಿಶ್ಚಯವಾಗಿದೆ. ಅವಳ ಅಪ್ಪಣೆ ಒಂದೇ: ರಕ್ಕಸಿ ಕಚ್ಚುವಾಗಲೆಲ್ಲ ನಾವು ಕಣ್ಣು ಮುಚ್ಚಿ ಕೇಳಬೇಕು. "ಅಷ್ಟು ದೂರ ಹೋಗಿ ಕಣ್ಣು ಮುಚ್ಚಿ ಕೂರುವುದಾ ಮಾರಾಯ್ತಿ?" ಎಂದು ಕೇಳಿದೆ.

"ಕಣ್ಣಿಗೆ ಬೇಕಾದ್ರೆ ನನ್ನ ಕಡೆ ತಿರುಗಿ ನೋಡಿ" ಎಂದಳು. "ನಾನು ಅಲ್ಲೇ ಕೂತಿರ್ತೇನಲ್ಲ."