ಟಾರ್ಚಪ್ಪನ ಹೊಸ ಜೀಪು

ನನ್ನ ಗಂಡನಿಗೆ ಲಾರಿ ಡ್ರೈವರ್‌ಗಳು ಇಟ್ಟಿರೋ ಹೆಸರು ಟಾರ್ಚಪ್ಪ. ಹೆದ್ದಾರಿ ತಪಾಸಣಾ ಠಾಣೆಯಲ್ಲಿ ಅವರು ಇನ್‌ಸ್ಪೆಕ್ಟರ್. ಮಟಮಟ ಮಧ್ಯಾಹ್ನದಲ್ಲೂ ಟಾರ್ಚ್ ಹಿಡಿದು ಲಾರಿ ಅಡಿಗೆ ನುಗ್ಗಿ, ಬ್ರೇಕ್ ಪೈಪು, ಚಕ್ರದ ನಟ್ಟು ಎಲ್ಲ ತಡವಿ ನೋಡಿ, ಅಂಗಿ ತುಂಬ ಗ್ರೀಸು ಮೆತ್ತಿಕೊಂಡು ಬರ್ತಾರೆ. ಒಗೆಯೋಳು ನಾನು! ಮನೆಯಲ್ಲೂ ಅದೇ ಬುದ್ಧಿ. ಗ್ಯಾಸ್ ಆರಿಸಿದ್ದೀನಿ ಅಂದರೆ ನಂಬಲ್ಲ, ಎದ್ದು ಹೋಗಿ ನೋಡ್ತಾರೆ. "ಇಷ್ಟು ಸಂಶಯ ಇಟ್ಕೊಂಡು ನನ್ನ ಕೈಯಡುಗೆ ಹೇಗೆ ಉಣ್ತೀರಿ?" ಅಂದರೆ, "ಮಾಡುವಾಗ ನೀನೇ ರುಚಿ ನೋಡಿರ್ತೀಯಲ್ಲ" ಅಂತಾರೆ, ಪುಣ್ಯಾತ್ಮ.

ಈ ವರ್ಷ ಠಾಣೆಗೆ ಸರ್ಕಾರದ ಅನುದಾನ ಬಂತು. ಹೊಸ ಜೀಪು, ಬ್ರೇಕ್ ಪರೀಕ್ಷೆ ಮಾಡೋ ಯಂತ್ರ, ಇನ್ನಿಬ್ಬರು ಸಿಬ್ಬಂದಿ. ಜನರ ಬಾಯಿಗೆ ಬೀಗ ಹಾಕೋಕಾಗುತ್ತಾ? "ಅರ್ಧ ಯಾರ ಹೊಟ್ಟೆಗೆ ಹೋಯ್ತೋ" ಅಂದ ಎದುರುಮನೆ ದರ್ಜಿ. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಕಸಿವಿಸಿ. ಸಾಕಷ್ಟು ಕೇಸು ತೋರಿಸದಿದ್ದರೆ ಮುಂದಿನ ವರ್ಷ ಅನುದಾನ ನಿಂತು ಹೋಗುತ್ತಂತೆ. ಹಾಗಾದರೆ ಸರಿಯಿರೋ ಲಾರಿಯಲ್ಲೂ ಇವರು ಏನಾದರೊಂದು ಹುಳುಕು ಹುಡುಕಲ್ಲ ಅಂತ ಏನು ಗ್ಯಾರಂಟಿ?

ನಮ್ಮಮ್ಮನಿಗೆ ಕಿವಿ ಮಂದ. ನಾನು ಫೋನಿನಲ್ಲಿ ಅನುದಾನ ಅಂದಿದ್ದು ಅವಳಿಗೆ ಅನುಮಾನ ಅಂತ ಕೇಳಿಸಿದೆ. ತಕ್ಷಣ ನನ್ನ ತಮ್ಮನಿಗೆ ಫೋನ್ ಮಾಡಿ ಊದಿಬಿಟ್ಟಳು: "ಲೋ, ನಿಮ್ಮ ಭಾವನ ಠಾಣೆಗೆ ದೊಡ್ಡ ಅನುಮಾನ ಬಂದಿದೆಯಂತೆ ಕಣೋ. ಅದಕ್ಕೇ ಸರ್ಕಾರ ಜೀಪು ಕೊಟ್ಟಿದೆ. ಹುಷಾರು!"

ತಮ್ಮ ಜಲ್ಲಿ ಲಾರಿ ಓಡಿಸ್ತಾನೆ. ಸ್ವಂತದ್ದು, ಅದೇ ಅವನ ಅನ್ನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯ್ತು ಇವನ ಕಥೆ. ಹೆದ್ದಾರಿ ಬಿಟ್ಟು ಗುಡ್ಡದ ಹಳೇ ರಸ್ತೆ ಹಿಡಿದ. ಕಡಿದಾದ ಇಳಿಜಾರು, ಕೆಳಗೆ ತಿರುವಿನಲ್ಲೇ ಶಾಲೆ. ಆದರೆ ಟಾರ್ಚಪ್ಪ ಅಂದರೆ ಸುಮ್ಮನೇನಾ? ತಪಾಸಣೆ ಜೋರಾದ ಮೇಲೆ ಡ್ರೈವರ್‌ಗಳು ಕಳ್ಳದಾರಿ ಹಿಡೀತಾರೆ ಅಂತ ಸಂಶಯಪಟ್ಟು, ಯಂತ್ರ ಹೇರಿಕೊಂಡ ಜೀಪನ್ನ ಆ ಗುಡ್ಡದ ನೆತ್ತಿಯಲ್ಲೇ ನಿಲ್ಲಿಸಿಕೊಂಡು ಕಾಯ್ತಿದ್ದರು.

ತಮ್ಮನ ಫೋನ್ ಬಂತು. "ಅಕ್ಕ, ಭಾವ ಲಾರಿ ಹಿಡಿದಿದ್ದಾರೆ. ಬ್ರೇಕ್ ಸರಿಯಿಲ್ಲ, ಲಾರಿ ಜಪ್ತಿ ಮಾಡ್ತೀನಿ ಅಂತಿದ್ದಾರೆ. ನೀನೇ ಬಂದು ಹೇಳು."

ಮೈಯೆಲ್ಲ ಉರಿದು ಹೋಯ್ತು. ಸ್ಕೂಟರ್ ಹತ್ತಿ ಹೋದೋಳೇ ಗಂಡನ ಮೇಲೆ ಹರಿಹಾಯ್ದೆ. "ನಿಮ್ಮ ಅನುದಾನದ ಹೊಟ್ಟೆ ತುಂಬಿಸೋಕೆ ನನ್ನ ತಮ್ಮನೇ ಬೇಕಿತ್ತಾ? ಯಂತ್ರ ಹೊಸದು, ಅದೇ ತಪ್ಪು ತೋರಿಸಿರಬಾರದಾ?"

ಅವರು ಸಿಟ್ಟಾಗಲಿಲ್ಲ. ಲಾರಿಯ ಚಕ್ರಗಳಿಗೆ ಆಗಲೇ ದಪ್ಪ ಕಲ್ಲು ಅಡ್ಡ ಕೊಟ್ಟಿದ್ದರು. ಕೈಯ ಗ್ರೀಸು ಒರೆಸಿಕೊಳ್ತಾ ತಮ್ಮನ ಕಡೆ ತಿರುಗಿದರು.

"ಯಂತ್ರದ ಮಾತು ಬಿಡು. ನೀನೇ ಹೇಳಪ್ಪ, ಬ್ರೇಕ್ ಸರಿಯಿದೆಯಾ?"

"ನಿನ್ನೆ ತಾನೇ ರಿಪೇರಿ ಮಾಡಿಸಿದೆ ಭಾವ. ಅಕ್ಕನಾಣೆಗೂ!"

"ಸರಿ. ಅಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಗುಡ್ಡ ಇಳಿ. ಆಗ ಕೇಸು ಹಾಕಲ್ಲ."

"ಕೇಳಿದಿರಲ್ಲ, ನನ್ನಾಣೆ ಇಟ್ಟಿದ್ದಾನೆ!" ಅಂತ ನಾನು ದಡದಡ ಹತ್ತಿ ಕೂತೆ. ಗಂಡನಿಗೆ ಮುಖಭಂಗ ಆಗಲಿ ಅನ್ನೋ ಹಟ. ತಮ್ಮನೂ ಹತ್ತಿದ. ಕೀಲಿ ಹಾಕಿದ, ತಿರುಗಿಸಲಿಲ್ಲ. ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತ.

"ಹೊರಡೋ" ಅಂದೆ.

ಅವನು ನನ್ನ ಮುಖ ನೋಡಲಿಲ್ಲ. "ಇಳಿ ಅಕ್ಕ" ಅಂದ.

ಒಡಹುಟ್ಟಿದವನ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. "ನಾನು ಅಕ್ಕ ಅಂತ ಇಳಿಸ್ತಿದ್ದೀಯ" ಅಂದೆ. "ಕೆಳಗಿರೋ ಮಕ್ಕಳೇನು ಬಿಟ್ಟಿ ಬಿದ್ದಿದ್ದಾವೇನೋ?"

ಅವನು ಕೀಲಿ ಕಿತ್ತು, ಕಿಟಕಿಯಿಂದ ಕೈ ಚಾಚಿ ಭಾವನಿಗೆ ಕೊಟ್ಟ.