ಕರವಸ್ತ್ರ ಹಾಸಿ ಮಂಡಿಯೂರುವವರು

ನಮ್ಮ ಚರ್ಚಿನ ನಿವೃತ್ತ ಹೆಡ್‌ಮಾಸ್ಟರರಷ್ಟು ದೀನರು ಇನ್ನೊಬ್ಬರಿಲ್ಲ; ಇರಲು ಅವರು ಬಿಡುವುದೂ ಇಲ್ಲ. ತಮ್ಮಂಥವನಿಗೆ ಕಡೇ ಬೆಂಚೇ ಹೆಚ್ಚು ಎನ್ನುತ್ತಾರೆ, ಆದರೆ ಅಲ್ಲಿ ಬೇರೆ ಯಾರಾದರೂ ಕೂತರೆ ಏಳುವವರೆಗೂ ಪಕ್ಕದಲ್ಲಿ ನಿಂತು ಕೆಮ್ಮುತ್ತಾರೆ. ಕಸ ಗುಡಿಸುವವಳು ನಾನು, ನನ್ನನ್ನು ಕರೆದು, ಬೆಂಚನ್ನು ಬೆರಳಿನಿಂದ ಸವರಿ ತೋರಿಸುತ್ತಾರೆ: "ನೋಡಮ್ಮ, ಇಲ್ಲಿ ಧೂಳಿದೆ." ನಾನು ಒರೆಸಿದ ಮೇಲೆ, ಇಸ್ತ್ರಿ ಮಾಡಿದ ಕರವಸ್ತ್ರವನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮಂಡಿಯೂರಿ, ಮೊದಲ ಸಾಲಿಗೂ ಕೇಳುವಂತೆ ಶುರು ಮಾಡುತ್ತಾರೆ: "ಕರ್ತನೇ, ನಾನು ಬರೀ ಧೂಳು." ಒಮ್ಮೆ ಹೊಸ ಪಾಸ್ಟರು ಪ್ರಸಂಗದಲ್ಲಿ ತಾವೂ ಹುಳುವಿಗೆ ಸಮ ಎಂದದ್ದಕ್ಕೆ, "ಮೊನ್ನೆ ಮೊನ್ನೆ ಬಂದವರು, ಇಷ್ಟು ಬೇಗ ಹುಳು ಆಗ್ಬಿಟ್ರಾ?" ಎಂದು ಮೂಗು ಮುರಿದರು. ಹೆಂಡತಿಗೆ ಆಪರೇಷನ್ ನಡೆಯುತ್ತಿದ್ದ ಮಂಗಳವಾರ ಮಧ್ಯಾಹ್ನ ಮಾತ್ರ ಮೇಷ್ಟ್ರು, ನಾನಿನ್ನೂ ಗುಡಿಸುತ್ತಿರುವಾಗಲೇ ಓಡಿಬಂದು, ಮೊದಲ ಬೆಂಚಿನ ಮುಂದೆ ನಾನು ಗುಡ್ಡೆ ಹಾಕಿದ್ದ ಕಸದ ಪಕ್ಕದಲ್ಲೇ ಧೊಪ್ಪನೆ ಕುಸಿದರು. ಧೂಳು ಎನ್ನಲಿಲ್ಲ, ಹುಳು ಎನ್ನಲಿಲ್ಲ. "ಅವಳನ್ನ ಉಳಿಸಪ್ಪಾ" ಎಂದಷ್ಟೇ ಅಂದು, ಮಂಡಿಗೆ ಮೆತ್ತಿದ್ದನ್ನು ಕೊಡವಿಕೊಳ್ಳದೆ ಆಸ್ಪತ್ರೆಗೆ ಹೋದರು. ಆಕೆ ಗುಣವಾಗಿ ಮನೆಗೆ ಬಂದರು. ಮುಂದಿನ ಭಾನುವಾರ ಮೇಷ್ಟ್ರು ಕಡೇ ಬೆಂಚಿಗೆ ಮರಳಿದರು, ಕರವಸ್ತ್ರ ಹಾಸಿ, ಮಂಡಿಯೂರುವ ಮುನ್ನ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನೋಡಮ್ಮ, ಆವತ್ತು ಮುಂದಿನ ಬೆಂಚಿನ ಹತ್ರ ತುಂಬಾ ಧೂಳಿತ್ತು."