ಕಾಕಾ ಕೊಟ್ಟ ಗಾಲಿಗಳು

ಕಾರು ಬನಹಟ್ಟಿಯಿಂದ ಜಮಖಂಡಿಗೆ ಬಂದ ದಿನವೇ ನನಗೆ ಸಂಶಯ ಹತ್ತಿಕೊಂಡಿತು. ಅದು ಅಪ್ಪನ ಅಂಬಾಸಿಡರ್. ಅಪ್ಪ ತೀರಿಕೊಂಡ ಮೇಲೆ ನಮ್ಮ ಓಣಿಯಲ್ಲಿ ಅದನ್ನು ನಿಲ್ಲಿಸಲು ಜಾಗವಿರಲಿಲ್ಲ. ನೂಲಿನ ವ್ಯಾಪಾರ ಮಾಡುತ್ತಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಬನಹಟ್ಟಿಯ ತಮ್ಮ ಮಗ್ಗದ ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ವರ್ಷಗಟ್ಟಲೆ ಅಲ್ಲೇ ನಿಂತಿದ್ದ ಕಾರನ್ನು ಈಗ ನಾನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದೆ. ಮೈಮೇಲಿನ ಹತ್ತಿಯ ಧೂಳನ್ನೆಲ್ಲ ತೊಳೆದು ದೂರ ನಿಂತು ನೋಡಿದರೆ, ಕಾರು ಅಪ್ಪನದು, ಗಾಲಿಗಳು ಬೇರೆ ಯಾರವೋ.

ನನ್ನ ನೆನಪಿನ ಕಾರಿಗೆ ದಪ್ಪ ಟೈರುಗಳಿದ್ದವು. ಮಡ್‌ಗಾರ್ಡಿನ ಒಳಗೆಲ್ಲ ತುಂಬಿಕೊಂಡು, ಹೊಟ್ಟೆ ತುಂಬ ಉಂಡು ಕೂತವರ ಹಾಗೆ ಕಾಣುತ್ತಿದ್ದವು. ಈಗ ಇದ್ದವು ಬಡಕಲು ಟೈರುಗಳು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನನ್ನ ಮುಷ್ಟಿ ಸಲೀಸಾಗಿ ಹೋಗಿ ಬರುತ್ತಿತ್ತು. ಯಾರೋ ತೆಳ್ಳಗಿನವನು ಅಪ್ಪನ ಅಂಗಿ ತೊಟ್ಟುಕೊಂಡು ಬಾಗಿಲಲ್ಲಿ ನಿಂತಂತಿತ್ತು.

ಸಂಶಯಕ್ಕೆ ಕಾರಣವೂ ಇತ್ತು. ನಮ್ಮ ಕಡೆ ವಾಹನ ನಿಂತರೂ ಅದರ ಗಾಲಿಗಳು ನಿಲ್ಲುವುದಿಲ್ಲ. ಕಬ್ಬಿನ ಹಂಗಾಮು ಶುರುವಾದರೆ ಟೈರಿನ ಬಂಡಿಗಳಿಗೆ ಗಾಲಿ ಬೇಕು. ಬಂಡಿಯ ಇರಸನ್ನು, ಅಂದರೆ ಗಾಲಿಯ ಅಚ್ಚನ್ನು, ಊರಿನ ಲೇತ್ ಅಂಗಡಿಯಲ್ಲೇ ಮಾಡಿಸುತ್ತಾರೆ. ಸಿಕ್ಕ ಗಾಲಿಗೆ ತಕ್ಕಂತೆ ಬೋಲ್ಟು ಕೂಡಿಸುತ್ತಾರೆ. "ಹೆಂಗೂ ಸುಮ್ನ ನಿಂತೈತಲ್ರಿ" ಎಂದು ಬಿಚ್ಚಿಕೊಂಡು ಹೋದ ಗಾಲಿ ಹಂಗಾಮು ಮುಗಿದ ಮೇಲೆ ವಾಪಸು ಬರುತ್ತದೆ. ಆದರೆ ಅದೇ ಬರುತ್ತದೆ ಎಂದು ಯಾರೂ ಹೇಳಲಾರರು. ಇದನ್ನು ಇಲ್ಲಿ ಕಳವು ಎನ್ನುವುದಿಲ್ಲ. ಗಲಗಲಿಯಲ್ಲಿ ಕಾಕಾನ ಹೊಲ, ಹೊಲದಲ್ಲಿ ಕಬ್ಬು, ಕಬ್ಬಿಗೆ ಬಂಡಿ ಇತ್ತು.

ಮರುವಾರ ಬನಹಟ್ಟಿಗೆ ಹೋಗಿ ಕೇಳಿಯೇಬಿಟ್ಟೆ. ಕಾಕಾ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು.

"ಕಾಕಾ, ಗಾಲಿ ಬ್ಯಾರೆ ಅದಾವಲ್ರಿ?"

"ಯಾವ ಗಾಲಿ?"

"ಕಾರಿನವು. ಅಪ್ಪನ ಕಾಲಕ್ಕ ದಪ್ಪ ಇದ್ದುವಲ್ಲ."

ಕಾಕಾ ಶೇಂಗಾದ ಸಿಪ್ಪೆಯನ್ನು ಊದಿದರು. "ನಿಮ್ಮಪ್ಪ ಯಾವು ಬಿಟ್ಟು ಹೋಗ್ಯಾನೋ ಅವಽ ಅದಾವ. ನೀ ಆವಾಗ ಚಡ್ಡಿ ಹಾಕ್ಕೊಂಡು ತಿರಗತಿದ್ದಿ, ನಿನಗೇನ್ ನೆನಪಿರ್ತೈತಿ?"

"ಬಂಡಿಗೆ ಏನರ ಹಾಕಿದ್ರೇನು, ಅಂತ ಕೇಳಾಕತ್ತೇನಿ ಅಷ್ಟಽ."

ಅವರ ಕೈ ನಿಂತಿತು. "ಅಣ್ಣನ ಕಾರಿನ ಗಾಲಿ ಬಿಚ್ಚಿ ಬಂಡಿ ಹೊಡದೆ ಅಂತೀಯೇನ್ಲೇ? ಆತು. ಇವು ನಿಮ್ಮಪ್ಪನ ಗಾಲಿ ಅಂತ ನಿನಗ ಖಾತ್ರಿ ಆಗೂತನಕ ಆ ಕಾರ್ ತಗೊಂಡು ನನ್ನ ಮನಿ ಮುಂದ ಬರಬ್ಯಾಡ. ನೀನೂ ಬರಬ್ಯಾಡ."

ಬಸ್ಸಿನಲ್ಲಿ ಹಿಂತಿರುಗುವಾಗ ಲೆಕ್ಕ ಹಾಕಿದೆ. ನನ್ನನ್ನು 'ಲೇ' ಎನ್ನುವವರು ಈಗ ಕಾಕಾ ಒಬ್ಬರೇ ಉಳಿದಿದ್ದರು. ನಾನು ಹೇಳಿದ್ದು ಸುಳ್ಳಾಗಿದ್ದರೆ ಅವರನ್ನು ಸುಮ್ಮನೆ ಕಳೆದುಕೊಂಡಂತೆ, ನಿಜವಾಗಿದ್ದರೂ ಕಳೆದುಕೊಂಡಂತೆಯೇ. ನನ್ನ ಕಡೆಗಿದ್ದ ಸಾಕ್ಷಿ ನನ್ನ ನೆನಪೊಂದೇ. ಅದನ್ನು ನಾನೇ ನಂಬುವುದಿಲ್ಲ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು ನಾನು. ಆ ಮೇಲೆ ಯಾವ ಕೆಲಸದಲ್ಲೂ ಬಹಳ ದಿನ ನಿಲ್ಲಲಿಲ್ಲ, ಯಾವ ಮಾತನ್ನೂ ಪೂರ್ತಿ ಒಪ್ಪಲಿಲ್ಲ. ಚಿಕ್ಕ ಹುಡುಗನ ಕಣ್ಣಿಗೆ ಎಲ್ಲ ಟೈರೂ ದಪ್ಪವೇ ಅಲ್ಲವೆ? ಆದರೂ ಆ ದಪ್ಪ ಟೈರಿನ ಮೇಲೆ ಕಾಲಿಟ್ಟು ಬಾನೆಟ್ ಹತ್ತುತ್ತಿದ್ದದ್ದು ನನ್ನ ಅಂಗಾಲಿಗೆ ಇನ್ನೂ ನೆನಪಿದೆ. ಅಂಗಾಲು ಸುಳ್ಳು ಹೇಳುತ್ತದೆಯೆ? ಗೊತ್ತಿಲ್ಲ.

ಹಾಗಾಗಿ ಗಾಲಿಗಳನ್ನೇ ವಿಚಾರಿಸಲು ಹೊರಟೆ. ಕಾರಿಗೆ ಯಾವುದು ಸರಿಯಾಗಿ ಕೂಡುತ್ತದೋ ಅದೇ ಅಪ್ಪನದು ಎಂಬುದು ನನ್ನ ತರ್ಕ. ಅಪ್ಪ ಬೀಜ-ಗೊಬ್ಬರ ಮಾರುತ್ತ ಕೃಷ್ಣೆಯ ದಂಡೆಯ ಹಳ್ಳಿಗಳನ್ನೆಲ್ಲ ಸುತ್ತಿದವನು. ಕೂಡದ ಗಾಲಿ ಹಾಕಿಕೊಂಡು ಓಡಾಡುತ್ತಿದ್ದನೆ?

ಮೊದಲು ಬೀಳಗಿಯ ಒಂದು ಟೈರ್ ಅಂಗಡಿಗೆ ಹೋದೆ. "ಹೊಚ್ಚ ಹೊಸಾವು ರಿ" ಎಂದು ಅಂಗಡಿಯವನು ಇಳಿಸಿದ ಟೈರುಗಳ ಮೈ ನಿಜಕ್ಕೂ ಮಿರಿಮಿರಿ ಮಿಂಚುತ್ತಿತ್ತು. ಪಕ್ಕದಲ್ಲಿ ಒತ್ತಿರುವ ಅಂಕಿಗಳಲ್ಲಿ ಟೈರು ಯಾವ ವಾರ, ಯಾವ ವರ್ಷ ತಯಾರಾದದ್ದು ಎಂದು ಇರುತ್ತದೆ. ಬಗ್ಗಿ ಓದಿದೆ. ಟೈರು ಅಂಗಡಿಗಿಂತ ಹಳೆಯದಾಗಿತ್ತು.

"ಓಡೇ ಇಲ್ಲಲ್ರಿ ಸರ್, ಹಳೇದು ಹೆಂಗಾಗತೈತಿ?" ಎಂದ.

ಓಡದೆಯೂ ರಬ್ಬರು ಮುದಿಯಾಗುತ್ತದೆ ಎಂದೆ. ಅವನು ಮನುಷ್ಯರನ್ನು ನೋಡುವ ಹಾಗೆ ನನ್ನನ್ನು ನೋಡಲಿಲ್ಲ.

ಮುಧೋಳದ ಗುಜರಿಯಲ್ಲಿ ನನ್ನ ನೆನಪಿಗೆ ಒಪ್ಪುವ ಅಗಲದ ರಿಮ್ಮುಗಳು ಸಿಕ್ಕವು. ಯಾವುದೋ ಜೀಪಿನಂಥ ವಾಹನದವು. ಎತ್ತರ ನಮ್ಮ ಕಾರಿನದೇ, ಅಗಲ ಮಾತ್ರ ಹೆಚ್ಚು. ಅವುಗಳ ಮೇಲೆ ದಪ್ಪ ಟೈರು ಹಾಕಿಸಿ ಜಮಖಂಡಿಗೆ ತಂದೆ. ಅಷ್ಟರಲ್ಲಿ ಇಂಜಿನ್ ರಿಪೇರಿ ಮುಗಿಸಿದ್ದ ನಮ್ಮ ಮಿಸ್ತ್ರಿ ಜ್ಯಾಕ್ ಕೊಟ್ಟು ಮುಂದಿನ ಎರಡನ್ನೂ ಕೂರಿಸಿದ.

"ಬೋಲ್ಟ್ ಕುಂತೂ ಅಂದ್ರ ಗಾಲಿ ಕುಂತಂಗ ರಿ ಸರ್. ಛಲೋ ಕಾಣತಾವ ನೋಡ್ರಿ, ಪೈಲ್ವಾನ್ ನಿಂತಂಗ!"

ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಇದೇ ಅಪ್ಪನ ಕಾರು. ಹಾಗಾದರೆ ಕಾಕಾ ಸುಳ್ಳು ಹೇಳಿದ್ದಾರೆ.

ಆದರೆ ಇಷ್ಟು ಸುಲಭವಾಗಿ ನನ್ನ ಪಕ್ಷ ಗೆದ್ದದ್ದೇ ನನಗೆ ಅನುಮಾನ ತಂದಿತು. ಬೋಲ್ಟಿನ ತೂತು ಕೂಡುವುದು ಬೇರೆ, ಗಾಲಿ ಕೂಡುವುದು ಬೇರೆ. ರಿಮ್ಮಿನ ನಡುವಿನ ತಟ್ಟೆ ಒಳಕ್ಕೆಷ್ಟು ಹೊರಕ್ಕೆಷ್ಟು ಕೂತಿದೆ ಎನ್ನುವುದರ ಮೇಲೆ ಟೈರು ಯಾವ ಕಡೆ ಚಾಚುತ್ತದೆ ಎನ್ನುವುದು ನಿಂತಿದೆ. ಬರಿದಾಗಿ ನಿಂತ ಕಾರು ಸಂಭಾವಿತನಂತೆ ತೋರುತ್ತದೆ. ಭಾರ ಹೊತ್ತು, ಸ್ಟಿಯರಿಂಗನ್ನು ಕೊನೆಯವರೆಗೆ ಹೊರಳಿಸಿದಾಗ ಅದರ ಗುಣ ಗೊತ್ತಾಗಬೇಕು.

ಮಹಾಲಿಂಗಪುರದ ಬೆಲ್ಲದ ಪೇಟೆಗೆ ಸರಕು ಒಯ್ಯುವ ಗೆಳೆಯನೊಬ್ಬನಿಂದ ಒಂದು ಬೆಳಿಗ್ಗೆಯ ಮಟ್ಟಿಗೆ ಬೆಲ್ಲದ ಪೆಂಟೆಗಳನ್ನು, ಆ ಭಾರಿ ಗಟ್ಟಿಗಳನ್ನು, ಎರವಲು ತಂದೆ. ಸೀಟಿನ ಮೇಲೆಲ್ಲ ಪೇರಿಸಿದೆ. ಕಾರು ತಿಣುಕುತ್ತ ಕೆಳಗಿಳಿಯಿತು. ಮಡ್‌ಗಾರ್ಡಿನ ಒಳಗೋಡೆಗೆ ಹಸಿ ಎರೆಮಣ್ಣನ್ನು, ಟೈರು ಮುಟ್ಟಿದರೆ ಗುರುತು ಬೀಳಲಿ ಎಂದು, ರೊಟ್ಟಿಯಷ್ಟು ದಪ್ಪಕ್ಕೆ ಮೆತ್ತಿದೆ. ಬಾಗಿಲಲ್ಲಿ ಕೂತು ನೋಡುತ್ತಿದ್ದ ಅವ್ವ, "ಕಾರಿಗೆ ಬೆಲ್ಲಾ ತಿನಸಾಕತ್ತಾನ, ಮಣ್ಣು ಹಚ್ಚಾಕತ್ತಾನ. ಕಲಿತ ಮಂದಿ ಹಿಂಗಽ" ಎಂದು ಎದುರುಮನೆಯವಳಿಗೆ ಕೇಳುವಂತೆ ಹೇಳಿದಳು.

ನಿಧಾನವಾಗಿ ಮುಂದೆ ಹೋಗಿ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುವಿದೆ. 'ಕರ್‌ರ್' ಎಂದಿತು. ಬಲಕ್ಕೆ ತಿರುವಿದೆ, ಮತ್ತೆ ಅದೇ ಸದ್ದು. ಇಳಿದು ನೋಡಿದರೆ ಟೈರು ಮಣ್ಣನ್ನು ಕೊರೆದು ತಗಡಿಗೇ ಮುಟ್ಟಿತ್ತು. ರಸ್ತೆಯ ತಿರುವಿನಲ್ಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡಾಗ ಹೀಗಾಗಿದ್ದರೆ ಟೈರು ಹರಿಯುತ್ತಿತ್ತು. ನನ್ನ ನೆನಪಿನ ಗಾಲಿಗಳು ಈ ಕಾರಿಗೆ ಕೂಡುವುದಿಲ್ಲ. ಅಂದರೆ ನನ್ನ ನೆನಪೇ ಸುಳ್ಳು.

ಮಣ್ಣನ್ನು ತೊಳೆಯುವಾಗ ಇನ್ನೊಂದು ಕಂಡಿತು. ಟೈರು ಈಗ ಉಜ್ಜಿದ ಜಾಗದ ಪಕ್ಕಕ್ಕೇ, ತಗಡಿನಲ್ಲಿ ಬಿಲ್ಲಿನಂತೆ ಬಾಗಿದ ಹಳೆಯ ಸವಕಲು ಗೆರೆ. ನೀಲಿ ಬಣ್ಣವನ್ನು ಹರಿದು ಇಳಿದಿತ್ತು; ಅದರ ಮೇಲೆ ಕಾರಿನ ಈಗಿನ ಬಿಳಿ ಬಣ್ಣ ಸವೆಯದೆ ತುಂಬಿತ್ತು. ನಾನು ಚಿಕ್ಕವನಿದ್ದಾಗ ಕಾರು ನೀಲಿಯಾಗಿತ್ತು. ಹಾಗಾದರೆ ಕಾರು ಬಿಳಿಯಾಗುವ ಮುಂಚೆ ಯಾವಾಗಲೋ ಇಲ್ಲಿ ದಪ್ಪ ಟೈರು ಉಜ್ಜಿದೆ. ನೆನಪು ಸುಳ್ಳಾಗಿರಲಿಲ್ಲ. ಇನ್ನು ಉಳಿದದ್ದು, ಬಿಳಿ ಬಣ್ಣ ಹೊಡೆಸಿದವರು ಯಾರು ಎಂಬುದು. ಅಪ್ಪನೇ ಆಗಿದ್ದರೆ ದಪ್ಪ ಗಾಲಿ ಹೋದದ್ದೂ ಅವನ ಕಾಲದಲ್ಲೇ.

ಅವ್ವನಿಗೆ ಉತ್ತರ ನಾನೇ ಹೇಳಿಕೊಟ್ಟಂತಾಗಬಾರದೆಂದು ಎಚ್ಚರದಿಂದ ಕೇಳಿದೆ. "ಯವ್ವಾ, ಕಾರು ಬಿಳಿ ಆಗಿದ್ದು ಯಾವಾಗ?"

"ಯಾಕ, ಕೋರ್ಟಿನ್ಯಾಗ ನಿಲ್ಲಸಾಂವ ಅದಿಯೇನು ನನ್ನ?" ಎಂದಳು. ಆಮೇಲೆ ತಾನೇ ಮುಂದುವರಿಸಿದಳು. "ನಿಮ್ಮಪ್ಪ ಹೊಡಿಸಿದ್ದು. ಯಾರೋ ಹೇಳಿದ್ರಂತ ದಪ್ಪ ಗಾಲಿ ಹಾಕಿಸಿದ್ದ. ಭಾಳ ದಿಮಾಕು. ಗಲಗಲಿ ದಾರ್‍ಯಾಗ ಮಳಿ ಹತ್ತಿ, ಗಾಲಿಗೂ ತಗಡಿಗೂ ನಡುವ ಎರಿಮಣ್ಣು ತುರಕಿ, ಗಾಲಿ ತಿರಗವಲ್ಲವು. ಕುಡಗೋಲ್ಲೆ ಕೆರಕೋತ ಕುಂತನಂತ. ಕಡೀಕ ಯಾರದೋ ಬಂಡ್ಯಾಗ ಮನಿಗೆ ಬಂದ, ಮೈಯೆಲ್ಲಾ ರಾಡಿ. ಮರುದಿನಽ ತಗಸಿ ಸಣ್ಣವು ಹಾಕಿಸಿದ. ನಾನೂ ಅದಽ ಹೊತ್ತು ನೋಡಿ, ಆ ನೀಲಿ ಬಣ್ಣಾನೂ ತಗಸು ಅಂದೆ. ಪೊಲೀಸ್ ಗಾಡಿ ಕಂಡಂಗ ಕಾಣತಿತ್ತು."

ಎರೆಮಣ್ಣಿನ ನಾಡಿನಲ್ಲಿ ಟೈರಿನ ಸುತ್ತ ಜಾಗ ಬಿಡಬೇಕು ಎನ್ನುವುದನ್ನು ಅಪ್ಪ ಹೀಗೆ ಕಲಿತಿದ್ದ. ನಾನು ಬಡಕಲುತನ ಎಂದುಕೊಂಡಿದ್ದ ಆ ಮುಷ್ಟಿಯಷ್ಟು ಸಂದು ಮಳೆಗಾಲಕ್ಕಾಗಿ ಬಿಟ್ಟದ್ದು. ಕಾಕಾನ ಮೇಲಿನ ಆರೋಪಕ್ಕೆ ಇನ್ನು ಬುಡವಿರಲಿಲ್ಲ. ಅವ್ವ ಮೈದುನನ ಮಾನ ಉಳಿಸಲು ಕತೆ ಕಟ್ಟಿರಬಹುದೆ ಎಂಬ ಯೋಚನೆಯೂ ಬಂತು. ಆದರೆ ತಗಡಿನ ಗೆರೆ ಯಾರ ಸಂಬಂಧಿಯೂ ಅಲ್ಲವಲ್ಲ.

ಸಣ್ಣ ರಿಮ್ಮುಗಳನ್ನೇ ತಿಕ್ಕಿಸಿ, ಬಣ್ಣ ಹೊಡೆಸಿ, ಅದೇ ಅಳತೆಯ ಹೊಸ ಟೈರು, ಹೊಸ ಟ್ಯೂಬು ಹಾಕಿಸಿದೆ. ಈ ಸಲ ತಯಾರಾದ ವಾರವನ್ನು ಕನ್ನಡಕ ಹಾಕಿಕೊಂಡು ಓದಿದೆ. ಕಾರನ್ನು ನಾನೇ ಓಡಿಸಿಕೊಂಡು ಬನಹಟ್ಟಿಗೆ ಹೋಗಿ ಕಾಕಾನ ಮನೆಯ ಮುಂದೆ ನಿಲ್ಲಿಸಿದೆ.

ಕಾಕಾ ಹೊರಗೆ ಬಂದರು. ನನ್ನನ್ನು ನೋಡಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ರಿಮ್ಮಿನ ಮೇಲೆ ಬೆರಳೆಳೆದು ಮೂಸಿದರು.

"ಏನ್ ಹೇಳಾಕ ಬಂದಿ?"

"ದಪ್ಪವು ಅಪ್ಪನಽ ತಗಸಿದ್ದ ಅಂತರಿ. ಅವ್ವ ಹೇಳಿದಳು, ಮಡ್‌ಗಾರ್ಡಿನ್ಯಾಗ ಗುರ್ತೂ ಐತಿ. ಇವಽ ಕೂಡತಾವ. ನಾ ಅಂದದ್ದು ತಪ್ಪಾತು."

"ತಪ್ಪಾತು ಅನ್ನಾಕ ಗುರ್ತು ಬೇಕಾತೇನ್ಲೇ ನಿನಗ?" ಎಂದರು. ಚಪ್ಪಲಿ ಮೆಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. "ನಡಿ. ರಬಕವಿ ತನಕ ಹೋಗಿ ಬರೂಣು."

ರಬಕವಿಯ ಬಟ್ಟೆ ಅಂಗಡಿಗಳ ಸಾಲಿನ ಕೊನೆಗೆ ಸಣ್ಣ ತಿರುವು. ಎದುರಿಗೆ ಆಟೋ ನಿಂತಿತ್ತು. ಸ್ಟಿಯರಿಂಗನ್ನು ಪೂರ್ತಿ ಹೊರಳಿಸಬೇಕಾಯಿತು. ನಾನು ಗಾಲಿಯ ಕಡೆ ಕಿವಿಗೊಟ್ಟೆ. ಪಕ್ಕದಲ್ಲಿ ಕಾಕಾ ಕೂಡ ಮುಂದಕ್ಕೆ ಬಾಗಿ, ಎಡಗಿವಿಯನ್ನು ಬಾಗಿಲಿಗೆ ಹತ್ತಿರ ಹಿಡಿದಿದ್ದರು. ಕಾರು ಪೂರ್ತಿ ತಿರುಗಿ ನೆಟ್ಟಗಾಯಿತು.

"ಏನರ ಕೇಳಿತೇನು?" ಎಂದರು.

"ಇಲ್ಲರಿ."

"ನನಗೂ ಇಲ್ಲ." ಸ್ವಲ್ಪ ದೂರ ಹೋದ ಮೇಲೆ ರಸ್ತೆಯನ್ನೇ ನೋಡುತ್ತ ಅಂದರು: "ಡಿಕ್ಕಿಯೊಳಗಿನ ಸ್ಟೆಪ್ನಿ ಮಾತ್ರ ನಿಮ್ಮಪ್ಪಂದಲ್ಲ. ಒಂದ್ ಸಲ ಬಂಡೀದು ಗಾಲಿ ಒಡದಿತ್ತು."

"ಅದೊಂದಽ ಏನ್ರಿ ಕಾಕಾ?"

"ಅದೊಂದಽ" ಎಂದು ಅವರು ಕಿಟಕಿಯ ಗಾಜು ಇಳಿಸತೊಡಗಿದರು. ನಾನು ಮತ್ತೆ ಕೇಳಲಿಲ್ಲ.